ಚಿಕ್ಕ ಕೆಂಪು ಬಲ್ಬು

ಉಪ್ಪಳ್ಳಿಯ ಶೆಡ್ಡಿನಲ್ಲಿ ನಾನು ಕಾಯಿಲು ಸುತ್ತುವವಳು.
ತಾಮ್ರದ ಸುತ್ತು ಎಣಿಸುತ್ತ ಎಣಿಸುತ್ತ
ಮಾತು ಕಡಿಮೆಯಾಗಿತ್ತು.
ವೈರು ಮುಟ್ಟುವುದು ಅಲ್ಫೋನ್ಸ್ ಮೇಸ್ತ್ರಿ ಮಾತ್ರ.
ಮೂವತ್ತೆಂಟು ವರ್ಷ ಡೈನಮೋ ಬಿಚ್ಚಿದ ಕೈ,
ಗೆರೆಗೆರೆಯಲ್ಲೂ ಕಾರ್ಬನ್ ಪುಡಿ;
ಹಸ್ತ ನೋಡುವವನೂ ಸೋತು ಎದ್ದುಹೋಗಬೇಕು.

ಮರ್ಲೆ ಹಾಲಪ್ಪನ ಜೀಪು ಬಂತು,
ಮುಳ್ಳಯ್ಯನಗಿರಿಗೆ ಜನ ಹತ್ತಿಸುವ ಹಳೇ ಡೀಸೆಲು.
"ಇಳಿವಾಗ ಲೈಟು ಮಿಣಿಮಿಣಿ ಅಂತದೆ ಮೇಸ್ತ್ರಿ,
ಕೈಮರದ ತಾವ ಮಂಜು ಬಿದ್ರೆ ದೇವ್ರೇ ಗತಿ.
ಸಾಕು ಈ ಡೈನಮೋ. ಆಲ್ಟರ್ನೇಟರ್ ಹಾಕ್ಬಿಡಿ."

ಹೊಸ ಡಬ್ಬದೊಳಗೆ ಮಡಚಿದ ಒಂದು ಹಾಳೆ.
ಮೇಸ್ತ್ರಿ ಅದರಲ್ಲಿ ಸ್ಪ್ಯಾನರ್ ಒರೆಸಿ ಬಿಸಾಕಿದರು.
ನಾನು ಎತ್ತಿಕೊಂಡು ಅಕ್ಷರ ಕೂಡಿಸಿ ಕೂಡಿಸಿ ಓದಿದೆ:
ಮೊದಲು ಬ್ಯಾಟರಿಯ ಮೈನಸ್ಸು ಬಿಚ್ಚಿ, ಕೊನೆಗೆ ಅದನ್ನು ಹಾಕಿ.
ಹಳೇ ರೆಗ್ಯುಲೇಟರ್ ಪೆಟ್ಟಿಗೆ ತೆಗೆಯಿರಿ,
ಅದರ ಕೆಲಸ ಈಗ ಒಳಗೇ ಇದೆ.
ದಪ್ಪ ವೈರು ಪ್ಲಸ್ಸಿಗೆ, ನಡುವೆ ಫ್ಯೂಸು.
(ಹಳೇ ಸಣ್ಣ ವೈರಿಗೆ ಈ ಕರೆಂಟು ಹೊರಿಸಿದರೆ
ಎಳೇ ಕರುವಿನ ಮೇಲೆ ಭತ್ತದ ಮೂಟೆ. ಇದು ನನ್ನ ಮಾತು.)
ತೆಳ್ಳನೆ ವೈರು ಚಿಕ್ಕ ಕೆಂಪು ಬಲ್ಬಿಗೆ, ಅಲ್ಲಿಂದ ಕೀಲಿಗೆ.
ಕೊನೆಯಲ್ಲೊಂದು ಚಿತ್ರ:
ಓಡುವ ಇಂಜಿನ್ನು, ಕಳಚಿದ ಟರ್ಮಿನಲ್,
ಅದರ ಮೇಲೆ ಕಾಟು.

ಮೇಸ್ತ್ರಿ ಎಲ್ಲ ಸರಿಯಾಗೇ ಮಾಡಿದರು.
ಬಣ್ಣ ಕೆರೆದು ಅರ್ತು ಕೂಡ ಕೊಟ್ಟರು.
ಇಂಜಿನ್ ಎದ್ದಿತು. ಆಮೇಲೆ ಆ ಕೈ
ತನ್ನಷ್ಟಕ್ಕೆ ಬ್ಯಾಟರಿ ಕಡೆ ಹೋಯಿತು.
ಡೈನಮೋ ಕಾಲದ ಪರೀಕ್ಷೆ ಅದು:
ಓಡುವಾಗಲೇ ಟರ್ಮಿನಲ್ ಕಿತ್ತು ನೋಡು,
ಲೈಟು ಉರಿದರೆ ಪಾಸು.

ನನಗೆ ಗೊತ್ತಿತ್ತು.
ಒಂದು 'ಬೇಡ' ಗಂಟಲಲ್ಲೇ
ವಾರ್ನಿಷ್ ಕುಡಿದ ಕಾಯಿಲಿನಂತೆ ಬಿಗಿದು ಕೂತಿತ್ತು.
ಮೇಸ್ತ್ರಿಯ ಕೈ ಕೆಲಸದಲ್ಲಿದ್ದಾಗ
ಯಾರಾದರೂ ಮಾತಾಡುತ್ತಾರೆಯೇ?

ಲೈಟು ಉರಿಯಿತು, ನಿಜ.
ಹಳದಿ ಬೆಳ್ಳಗಾಗಿ, ಬಿಳಿ ನೀಲಿಗೆ ತಿರುಗಿ
ಎದುರು ಟೀ ಅಂಗಡಿಯ ಲೋಟಗಳೆಲ್ಲ ಹೊಳೆದವು
ಒಂದು ಉಸಿರಿನಷ್ಟು ಹೊತ್ತು.
ಟಪ್. ಟಪ್.
ಆಮೇಲೆ ವಾಸನೆ.
ಇಂಜಿನ್ನು ಮಾತ್ರ, ಡೀಸೆಲಲ್ಲವೇ,
ಏನೂ ಆಗದ ಹಾಗೆ ಗುಡುಗುಡು ಓಡುತ್ತಲೇ ಇತ್ತು.

ಬಿಚ್ಚಿದರೆ, ಆರು ಡಯೋಡಿನಲ್ಲಿ ನಾಲ್ಕು ಸತ್ತಿದ್ದವು.
ಹಾಲಪ್ಪ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಸಂಜೆ ಮೇಸ್ತ್ರಿ, ಮುಖ ನೋಡದೆ:
"ಆ ಹಾಳೇಲಿ ಇತ್ತಾ?"
"ಇತ್ತು."
"ನೀನು ಓದಿದ್ದೆ."
"ಓದಿದ್ದೆ."
ಕೈ ತೊಳೆದರು. ಸೀಮೆಎಣ್ಣೆ, ಆಮೇಲೆ ಸೋಪು,
ಮತ್ತೆ ಸೀಮೆಎಣ್ಣೆ.
"ಇನ್ಮೇಲೆ ಕೂಗು. ಕೇಳದಿದ್ರೆ
ಸ್ಪ್ಯಾನರ್ ತಗೊಂಡು ಬೆರಳ ಮೇಲೆ ಹೊಡಿ."

ಎರಡನೆಯದಕ್ಕೆ ದುಡ್ಡು ಅವರದು, ಕೈ ನನ್ನದು.
ಕೀಲಿ ತಿರುವಿದೆ. ಕೆಂಪು ಬಲ್ಬು ಹತ್ತಿತು.
ಅದರ ಮೂಲಕ ಹಾಯುವ ಆ ಚೂರು ಕರೆಂಟೇ
ಆಲ್ಟರ್ನೇಟರಿಗೆ ಮೊದಲ ಕೈಸಾಲ;
ಇಲ್ಲದಿದ್ದರೆ ಎಷ್ಟು ತಿರುಗಿದರೂ ಬರೀ ಕಬ್ಬಿಣ.
ಇಂಜಿನ್ ಎದ್ದಿತು. ಬಲ್ಬಿನ ಆಚೆಗೂ ಈಚೆಗೂ
ಒಂದೇ ವೋಲ್ಟು ಬಂತು,
ಹರಿಯಲು ಇಳಿಜಾರು ಉಳಿಯಲಿಲ್ಲ;
ಬಲ್ಬು ತಾನಾಗೇ ಆರಿತು.
ಮೀಟರು ಹದಿನಾಲ್ಕು ಪಾಯಿಂಟ್ ಎರಡು ಎಂದಿತು.
ಮೇಸ್ತ್ರಿಯ ಬಲಗೈ ಬ್ಯಾಟರಿ ಕಡೆ ಹೊರಟದ್ದು
ಅರ್ಧ ದಾರಿಯಲ್ಲಿ ನಿಂತು
ಜೇಬಿಗೆ ಹೋಯಿತು.

ಹಾಲಪ್ಪ ಹೋದ ಮೇಲೆ ಗೋಡೆಗೆ ಬರೆದೆ, ಉಳಿದಿದ್ದ ಪೇಂಟಿನಲ್ಲಿ:
ಇಂಜಿನ್ ಓಡುವಾಗ ಬ್ಯಾಟರಿ ವೈರು ಕೀಳಬಾರದು.
ಬೆಳಿಗ್ಗೆ ಬಂದು ನೋಡಿದರೆ
ಕೆಳಗೊಂದು ಸಾಲು, ಸೊಟ್ಟ ಅಕ್ಷರ:
ಮೇಸ್ತಿಯೂ ಸಹ.
ರ ಒತ್ತು ಬಿಟ್ಟುಹೋಗಿತ್ತು.
ನೋಡಿದೆ. ಏನೂ ಹೇಳದೆ
ಕಾಯಿಲಿಗೆ ಕೂತೆ.